ತಂಗಿಯ ಪಾಲಿನ ಸೀತಾಫಲ

ನಾನು ಫ್ರಿಜ್ ರಿಪೇರಿ ಮಾಡುವವನು. ಅಂಗಡಿ ಇರುವುದು ಲಕ್ಷ್ಮೇಶ್ವರದಲ್ಲಿ, ಆದರೆ ನನ್ನ ಬೈಕು ಶಿರಹಟ್ಟಿ, ಮುಳಗುಂದ, ಯಳವತ್ತಿ ಎಲ್ಲ ಕಡೆ ಓಡಾಡುತ್ತದೆ. ಹಿಂದೆ ಗ್ಯಾಸಿನ ಸಿಲಿಂಡರು, ಮುಂದೆ ಸಾಮಾನಿನ ಚೀಲ. ಯಾರ ಮನೆಯಲ್ಲಾದರೂ ಫ್ರಿಜ್ಜಿನ ಗುರ್ ಸದ್ದು ನಿಂತರೆ ಮೊದಲು ನೆನಪಾಗುವುದು ನಾನೇ. ಇದನ್ನು ಜಂಬ ಅನ್ನುವವರು ಅನ್ನಲಿ. ಇಪ್ಪತ್ತು ವರ್ಷ ಕಂಪ್ರೆಸರ್ ಬಿಚ್ಚಿ ಕೈ ಸುಟ್ಟುಕೊಂಡವನಿಗೆ ಅಷ್ಟಾದರೂ ಹಕ್ಕು ಬೇಡವೇ? ಆದರೂ ಇಲ್ಲಿಯ ತನಕ ನಾನು ಎದೆಯುಬ್ಬಿಸಿ ಹೇಳಿಕೊಳ್ಳುವಂಥ ಕೆಲಸ ಯಾವುದು ಅಂದರೆ ಅದು ಯಾವ ಯಂತ್ರದ್ದೂ ಅಲ್ಲ, ಹದಿನಾಲ್ಕು ಪಾಕೀಟು ಸೀತಾಫಲದ ತಿರುಳಿನದು. ಅದರಲ್ಲೂ ನನ್ನ ಪಾಲು ಎಷ್ಟು, ಮನೆಯ ಹೆಂಗಸರ ಪಾಲು ಎಷ್ಟು ಅಂತ ಕೇಳಿದರೆ ನಾನು ಮಾತು ಬದಲಿಸುತ್ತೇನೆ.

ನಮ್ಮ ಹಿತ್ತಲಲ್ಲಿ ಒಂದು ಸೀತಾಫಲದ ಗಿಡ ಇದೆ. ಯಾರೂ ನೆಟ್ಟಿದ್ದಲ್ಲ. ನನ್ನ ತಂಗಿ ಐದಾರು ವರ್ಷದವಳಿದ್ದಾಗ ಬಚ್ಚಲ ಕಲ್ಲಿನ ಮೇಲೆ ಕೂತು ಹಣ್ಣು ತಿಂದು ಬೀಜ ಉಗುಳುತ್ತಿದ್ದಳು. ಅದರಲ್ಲಿ ಒಂದು ಬೀಜ ಬಚ್ಚಲ ನೀರು ಕುಡಿದು ಎದ್ದಿತು. ಅಂದಿನಿಂದ ಅದು ಅವಳ ಗಿಡ. ಅಪ್ಪ ಬದುಕಿರುವ ತನಕ ಮೊದಲ ಹಣ್ಣನ್ನು ಅವಳ ಕೈಗೇ ಕೊಡುತ್ತಿದ್ದ. ನಾನು ಅವಳಿಗಿಂತ ಒಂಬತ್ತು ವರ್ಷ ದೊಡ್ಡವನು, ಆದರೂ ನನಗೆ ಸಿಗುತ್ತಿದ್ದದ್ದು ಎರಡನೆಯದು. ಅವಳನ್ನು ಮುಂಡರಗಿಗೆ ಕೊಟ್ಟ ಮೇಲೂ, ಕಾಯಿ ಕಣ್ಣು ಬಿಡುವ ಹೊತ್ತಿಗೆ, ಅಂದರೆ ಸಿಪ್ಪೆಯ ಮೇಲಿನ ಗೆರೆಗಳು ಅಗಲವಾಗಿ ಬೆಳ್ಳಗಾಗುವ ಹೊತ್ತಿಗೆ, ತಪ್ಪದೆ ತವರಿಗೆ ಬರುತ್ತಿದ್ದಳು. ಕಿತ್ತ ಕಾಯಿಗಳನ್ನು ಅವ್ವ ಜೋಳದ ಚೀಲದಲ್ಲಿ ಹುಗಿಯುತ್ತಿದ್ದಳು. ಮೂರನೆಯ ದಿನ ತಂಗಿ ಚೀಲದಲ್ಲಿ ಮೊಳಕೈ ತನಕ ಕೈ ಹಾಕಿ, ಒಂದೊಂದನ್ನೇ ಒತ್ತಿ ನೋಡಿ, ಮೆತ್ತಗಾದದ್ದನ್ನು ಮೇಲೆತ್ತುತ್ತಿದ್ದಳು.

ಮದುವೆಯಾಗಿ ಏಳು ವರ್ಷವಾದ ಮೇಲೆ ಅವಳು ಹೊಟ್ಟೆಯಿಂದ ಇದ್ದಾಳೆ ಅನ್ನುವ ಖಬರು ಬಂತು. ಏಳು ವರ್ಷ ಅಂದರೆ ಮಂದಿ ಏನೇನು ಮಾತಾಡಿರುತ್ತಾರೆ ಅನ್ನುವುದನ್ನು ಬರೆಯುವುದಿಲ್ಲ, ಬರೆದರೆ ಈಗಲೂ ನನಗೆ ಸಿಟ್ಟು ಬರುತ್ತದೆ. ಆ ವರ್ಷವೂ ಅವಳು ಹಣ್ಣಿನ ಹೊತ್ತಿಗೆ ಬಂದಳು. ಮೂರನೆಯ ತಿಂಗಳು. ನೀರು ಕುಡಿದರೂ ವಾಂತಿ. ಜೋಳದ ಚೀಲದ ಬಾಯಿ ಬಿಚ್ಚಿದ ಕೂಡಲೇ ಮೂಗಿಗೆ ಸೆರಗು ಹಿಡಿದು ಹೊರಗೆ ಓಡಿದಳು. ಹಿತ್ತಲ ಬಾಗಿಲ ಹೊಸ್ತಿಲ ಮೇಲೆ ಕೂತು ಗಿಡ ನೋಡುತ್ತಾ ಅತ್ತಳು. ಹಣ್ಣು ಸಿಗಲಿಲ್ಲ ಅಂತ ಅತ್ತದ್ದಲ್ಲ, ಎದುರಿಗೇ ಇದ್ದರೂ ತಿನ್ನಲಾಗಲಿಲ್ಲವಲ್ಲ ಅಂತ. ತಿನ್ನುತ್ತೇನೆ ಅಂದರೂ ಅವ್ವ ಬಿಡುತ್ತಿರಲಿಲ್ಲ. ಸೀತಾಫಲ ಥಂಡಿ, ಮೊದಲ ಮೂರು ನಾಲ್ಕು ತಿಂಗಳು ಬೇಡವೇ ಬೇಡ ಅನ್ನುವುದು ಅವ್ವನ ಕಾಯಿದೆ.

"ನನ್ನ ಪಾಲು ತಗದ ಇಡ್ರಿ," ಅಂದಳು ತಂಗಿ, ಮೂಗು ಒರೆಸಿಕೊಳ್ಳುತ್ತಾ. "ಕುಬಸದ ಹೊತ್ತಿಗೆ ಹೊಟ್ಟಿ ನೆಟ್ಟಗಾಗಿರತೈತಿ. ಆವಾಗ ತಿಂತೀನಿ."

ಅವ್ವನಿಗೆ ನಗು ಬಂತು. "ಕುಬಸ ಬರೋದು ಬ್ಯಾಸಿಗಿ ಹತ್ತಿದ ಮ್ಯಾಲ. ಹಣ್ಣಾದ ಸೀತಾಫಲ ಎರಡ ದಿನ ನಿಲ್ಲಂಗಿಲ್ಲ. ಅಲ್ಲೀತನಾ ಎಲ್ಲಿ ಇಡೂದ ಹುಚ್ಚಿ?"

"ನಾ ಇಡತೀನಿ," ಅಂದೆ. "ನಿನ್ನ ಕುಬಸಕ್ಕ ನಿನ್ನ ಗಿಡದ ಹಣ್ಣು. ಈಗ ಬಿಚ್ಚಿದಂಗ ಬೆಳ್ಳಗ ಇರತೈತಿ. ಮುಂಡರಗಿಗೆ ನಾನ ತಗೊಂಡ ಬರತೀನಿ."

ಕುಬಸ ಅಂದರೆ ಏಳನೆಯ ತಿಂಗಳಲ್ಲಿ ತವರಿನವರು ಸೀರೆ, ಹಸಿರು ಬಳೆ, ಬುತ್ತಿ ಹೊತ್ತು ಹೋಗಿ ಮಗಳ ಬಯಕೆ ತೀರಿಸುವ ದಿನ. ನಮ್ಮ ಮುಸಲ್ಮಾನರ ಓಣಿಯಲ್ಲಾಗಲಿ, ಪಕ್ಕದ ಲಿಂಗಾಯತರ ಓಣಿಯಲ್ಲಾಗಲಿ ಈ ಪದ್ಧತಿಯನ್ನು ಯಾರೂ ಬಿಟ್ಟಿಲ್ಲ. ಬಸುರಿ ಬಾಯಿಬಿಟ್ಟು ಕೇಳಿದ್ದನ್ನು ಅವತ್ತು ತವರು ಕೊಡಬೇಕು. ಕೊಡದಿದ್ದರೆ ಯಾರೂ ಜಗಳಕ್ಕೆ ಬರುವುದಿಲ್ಲ, ಆದರೆ ಅವಳು ಆಯುಷ್ಯವೆಲ್ಲ ನೆನೆಯುತ್ತಾಳೆ. ಏಳು ವರ್ಷ ಕಾದು ಬಸುರಾದವಳು ಒಂದೇ ಒಂದು ಕೇಳಿದ್ದಳು. ಅದನ್ನು ಕೊಡುತ್ತೇನೆ ಅಂತ ಎಲ್ಲರ ಎದುರಿಗೆ ಮಾತು ಕೊಟ್ಟವನು ನಾನು.

ನಾನು ಮಾತು ಕೊಟ್ಟದ್ದು ನನ್ನ ಫ್ರೀಜರ್ ನಂಬಿ. ಬೆಟಗೇರಿಯಲ್ಲಿ ಒಂದು ಐಸ್‌ಕ್ರೀಮ್ ಅಂಗಡಿ ಮುಚ್ಚುವಾಗ ಮೋಡಕಾ, ಅಂದರೆ ಗುಜರಿ ಸಾಮಾನಿನ ಜೊತೆ ಹೊರಗೆ ಹಾಕಿದ್ದ ಪೆಟ್ಟಿಗೆ ಫ್ರೀಜರ್ ಅದು. ತುಕ್ಕು ಉಜ್ಜಿ, ಕಂಪ್ರೆಸರ್ ಬದಲಿಸಿ, ತಾಮ್ರದ ಪೈಪಿನ ಬೆಸುಗೆ ಮತ್ತೆ ಹಾಕಿ, ಮುಚ್ಚಳಕ್ಕೆ ಹೊಸ ರಬ್ಬರು ಕೂರಿಸಿ ಅದಕ್ಕೆ ಜೀವ ಕೊಟ್ಟಿದ್ದೆ. ಒಳಗೆ ಮೈನಸ್ ಇಪ್ಪತ್ತೆರಡು ಡಿಗ್ರಿ. ಥಂಡಿ ಸರಿಯಾಗಿದ್ದರೆ ಜಗತ್ತಿನಲ್ಲಿ ಏನೂ ಕೆಡುವುದಿಲ್ಲ ಅಂತ ನಾನು ಗಿರಾಕಿಗಳಿಗೆ ಹೇಳಿ ಹೇಳಿ, ಕೊನೆಗೆ ನಾನೇ ನಂಬಿಬಿಟ್ಟಿದ್ದೆ.

ಮೊದಲ ಸಲ ಹಣ್ಣು ಬಿಡಿಸಲು ಅವ್ವ, ನನ್ನ ಹೆಂಡತಿ, ನಾನು ಮೂವರೂ ಪಡಸಾಲೆಯಲ್ಲಿ ಕೂತೆವು. ಇಲ್ಲಿ ಅವ್ವನ ಬಗ್ಗೆ ಒಂದು ಮಾತು ಹೇಳಬೇಕು. ಅವ್ವ ಸೀತಾಫಲ ಬಿಡಿಸಿದರೆ ಸಿಪ್ಪೆಯನ್ನು ಬಿಸಿಲಿಗೆ ಹಿಡಿದಾಗ ಆ ಕಡೆಯ ಬೆಳಕು ಕಾಣಬೇಕು. ಅಷ್ಟು ಕೆರೆಯುತ್ತಾಳೆ. ಅದಕ್ಕಂತಲೇ ಅವಳ ಹತ್ತಿರ ಒಂದು ಹಳೆಯ ಕಬ್ಬಿಣದ ಚಮಚ ಇದೆ, ಒಂದು ಅಂಚು ಪೂರ್ತಿ ಸವೆದುಹೋಗಿದೆ. ಸಿಪ್ಪೆಗೆ ಹತ್ತಿಕೊಂಡು ಸಕ್ಕರೆ ಹರಳಿನಂಥ ಒಂದು ಪದರ ಇರುತ್ತದಲ್ಲ, ಅದನ್ನು ಬಿಟ್ಟರೆ ಮನೆಯ ಬರಕತ್ತೇ ಹೋಯಿತು ಅನ್ನುವ ಹಾಗೆ ಮಾಡುತ್ತಾಳೆ. ನಮ್ಮನ್ನೆಲ್ಲ ಹಾಗೆಯೇ ಬೆಳೆಸಿದ್ದಾಳೆ. ಚಿಕ್ಕಂದಿನಲ್ಲಿ ನಾನು ಎಸೆದ ಸಿಪ್ಪೆಯನ್ನು ಎತ್ತಿ ತಂದು, ಅದರಲ್ಲಿ ಉಳಿದದ್ದನ್ನು ತೋರಿಸಿ, ನನ್ನ ಕಿವಿ ಹಿಂಡಿದ್ದೂ ಉಂಟು. ಬೀಗರ ಮನೆಯಲ್ಲಿ ತಂಗಿ ಕೆರೆದಿಟ್ಟ ಸಿಪ್ಪೆ ನೋಡಿ "ಚಲೋ ಮನಿತನದಾಕಿ" ಅಂದಿದ್ದರಂತೆ. ಆ ಮಾತನ್ನು ಅವ್ವ ಇನ್ನೂ ಹೇಳಿಕೊಳ್ಳುತ್ತಾಳೆ.

ಹಾಗಾಗಿ ಚೆನ್ನಾಗಿ ಕೆರೆದೆವು. ಹಿಟ್ಟು ಸೋಸುವ ಸಾಣಿಗೆಯಲ್ಲಿ ಒತ್ತಿ ಬೀಜ ತೆಗೆದೆವು. ದೊಡ್ಡ ಸ್ಟೀಲ್ ಡಬ್ಬಿಗೆ ತುಂಬಿ ಫ್ರೀಜರಿಗೆ ಇಟ್ಟೆ. ಎಂಟು ದಿನದ ಮೇಲೆ ತೆಗೆದು ನೋಡಿದರೆ ತಿರುಳಿನ ಬಣ್ಣ ಹುಣಸೆಹಣ್ಣು ಕಿವುಚಿದ ನೀರಿನ ಬಣ್ಣವಾಗಿತ್ತು. ನಾಲಿಗೆಗೆ ಹಚ್ಚಿದೆ. ಕಹಿ. ನಾನು ಕರೆಂಟಿಗೆ ಬೈದೆ, ಡಬ್ಬಿಗೆ ಬೈದೆ, ಯಾಕೆ ಅಂತ ಕೇಳಿದ ಹೆಂಡತಿಗೂ ಬೈದೆ. ಎಸೆಯಲು ಅವ್ವ ಬಿಡಲಿಲ್ಲ, ಆಡಿನ ಮುಂದೆ ಇಟ್ಟಳು. ಆಡು ಮೂಸಿ ನೋಡಿ ಮುಖ ಆ ಕಡೆ ತಿರುಗಿಸಿತು.

ಅದೇ ದಿನ ಸಂಜೆ ತಂಗಿ ವಿಡಿಯೋ ಕಾಲ್ ಮಾಡಿದಳು. ಮುಖ ಇನ್ನೂ ಬತ್ತಿತ್ತು.

"ನನ್ನ ಪಾಲು ಹೆಂಗೈತಿ ಅಣ್ಣಾ?"

"ಹಾಲಿನಂಗ ಐತಿ," ಅಂದೆ.

"ತೋರಸಲಾ ನೋಡೂಣು."

"ಮುಚ್ಚಳ ತಗದ್ರ ಥಂಡಿ ಹೋಕ್ಕತಿ. ತಗ್ಯಾಕ ಬರಂಗಿಲ್ಲ." ಅಂದು ಫೋನನ್ನು ಮುಚ್ಚಿದ ಫ್ರೀಜರಿನ ಕಡೆ ತಿರುಗಿಸಿದೆ. ಅವಳು ಮುಚ್ಚಳವನ್ನೇ ಒಂದು ಗಳಿಗೆ ನೋಡಿದಳು, ನೋಡಿ ನಕ್ಕಳು. ಆ ನಗು ನನಗೆ ಚುಚ್ಚಿತು. ಫೋನ್ ಇಟ್ಟ ಮೇಲೆ ಹೆಂಡತಿ ನನ್ನನ್ನೇ ನೋಡುತ್ತಾ ನಿಂತಿದ್ದಳು, ನಾನು ಅಂಗಡಿಗೆ ಹೋಗುತ್ತೇನೆ ಅಂತ ಹೊರಬಿದ್ದೆ.

ಫ್ರೀಜರ್ ಕೊಟ್ಟಿದ್ದ ಬೆಟಗೇರಿಯ ಐಸ್‌ಕ್ರೀಮ್ ಅಂಗಡಿಯವರಿಗೆ ಫೋನ್ ಹಚ್ಚಿ, ನನಗಲ್ಲ, ಯಾರೋ ಗಿರಾಕಿಗೆ ಬೇಕಾಗಿದೆ ಅನ್ನುವ ಹಾಗೆ ಕೇಳಿದೆ. ಹಣ್ಣಿನ ತಿರುಳಿಗೆ ಗಾಳಿಯೇ ವೈರಿ, ಕಬ್ಬಿಣವೂ ವೈರಿ, ಒಂದಿಷ್ಟು ಲಿಂಬೆರಸ ಬೇಕು, ತೆಳ್ಳಗೆ ಪಾಕೀಟು ಮಾಡಿದರೆ ಬೇಗ ಗಟ್ಟಿಯಾಗುತ್ತದೆ ಅಂದರು. ಗಾಳಿ ಅನ್ನುವ ಮಾತು ಕಿವಿಗೆ ಬಿದ್ದ ಕೂಡಲೇ ನನಗೆ ಹುರುಪು ಬಂತು. ಗಾಳಿ ತೆಗೆಯುವುದೇ ನನ್ನ ಕಸುಬು. ಗ್ಯಾಸ್ ತುಂಬುವ ಮುಂಚೆ ಫ್ರಿಜ್ಜಿನ ಪೈಪಿನೊಳಗಿನ ಗಾಳಿಯನ್ನೆಲ್ಲ ಎಳೆಯುವ ವ್ಯಾಕ್ಯೂಮ್ ಪಂಪು ನನ್ನ ಹತ್ತಿರ ಇದೆ.

ಎರಡನೆಯ ಸಲ ಕಬ್ಬಿಣದ ಚಮಚ ಬಿಡಿಸಿ ಅವ್ವನ ಕೈಗೆ ಸ್ಟೀಲ್ ಚಮಚ ಕೊಟ್ಟೆವು. ಅದು ಸರಿಯಾಗಿ ಕೆರೆಯುವುದಿಲ್ಲ ಅಂತ ಗೊಣಗುತ್ತಲೇ ಅದರಲ್ಲೂ ಅಷ್ಟೇ ಕೆರೆದಳು. ಸಾಣಿಗೆ ಬಿಟ್ಟು ಪ್ಲಾಸ್ಟಿಕ್ ಜಾಳಿಗೆ ತಂದೆವು. ಲಿಂಬೆ ಹಿಂಡಿದೆವು. ಪಾಕೀಟಿನ ಬಾಯಿಗೆ ಪಂಪಿನ ಪೈಪು ಇಟ್ಟು ನಾನು ಸ್ವಿಚ್ ಹಾಕಿದೆ. ಗಾಳಿಯ ಹಿಂದೆಯೇ ತಿರುಳೂ ಸರ್ರನೆ ಒಳಗೆ ಹೋಯಿತು. ಪಂಪು ಕೆಮ್ಮಿತು, ನಿಂತಿತು. ಅದನ್ನು ಬಿಚ್ಚಿ ಒಳಗಿನ ಸೀತಾಫಲ ತೊಳೆಯಲು ನನಗೆ ಒಂದು ಇಡೀ ದಿನ ಬೇಕಾಯಿತು. ಅಷ್ಟರಲ್ಲಿ ಹೆಂಡತಿ ಒಂದು ಬಕೀಟು ನೀರು ತಂದು, ಪಾಕೀಟನ್ನು ಬಾಯಿ ಮೇಲೆ ಮಾಡಿ ಮೆಲ್ಲಗೆ ನೀರಿನಲ್ಲಿ ಇಳಿಸಿದಳು. ಸುತ್ತಲಿನ ನೀರು ಒತ್ತಿ ಗಾಳಿ ತಾನಾಗಿ ಹೊರಬಂತು, ಅವಳು ಬಾಯಿ ಬಿಗಿದಳು. ಒಂದು ಹನಿ ನೀರೂ ಒಳಗೆ ಹೋಗಲಿಲ್ಲ. ಇದನ್ನು ಎಲ್ಲಿ ಕಲಿತೆ ಅಂದರೆ, "ಮಸಾಲಿ ಪುಡಿ ಹಂಗ ಇಡತೀನ್ರಿ, ನೀವು ಯಾವತ್ತರ ಅಡಗಿ ಮನಿ ಕಡೆ ನೋಡೀರೇನು?" ಅಂದಳು.

ಹದಿನೈದು ದಿನ ಬಿಟ್ಟು ನೋಡಿದೆ. ಮೊದಲಿನಷ್ಟು ಕೆಟ್ಟಿರಲಿಲ್ಲ. ಆದರೆ ಬೆಳ್ಳಗೂ ಇರಲಿಲ್ಲ. ತಿರುಳಿನ ತುಂಬ ಕಂದು ಎಳೆಗಳು, ಬಾಯಿಗೆ ಹಾಕಿಕೊಂಡರೆ ಮೊದಲು ಸಿಹಿ, ನುಂಗಿದ ಮೇಲೆ ನಾಲಿಗೆಯ ಬುಡದಲ್ಲಿ ಕಹಿ. ಇದನ್ನು ಬಸುರಿಯ ಮುಂದೆ ಇಡುವುದು ಹೇಗೆ? ಗಿಡದಲ್ಲಿ ಇನ್ನು ಎಣಿಸುವಷ್ಟು ಕಾಯಿ ಉಳಿದಿದ್ದವು. ಅವು ಹೋದರೆ ಆ ವರ್ಷದ ಸೀತಾಫಲ ಮುಗಿಯಿತು, ನನ್ನ ಮಾತೂ ಮುಗಿಯಿತು. ತಂಗಿ ವಾರಕ್ಕೊಮ್ಮೆ ಕೇಳುತ್ತಿದ್ದಳು, ನಾನು ವಾರಕ್ಕೊಮ್ಮೆ ಹಾಲಿನಂಗ ಐತಿ ಅನ್ನುತ್ತಿದ್ದೆ. ಸುಳ್ಳು ಹೇಳಿ ಅಭ್ಯಾಸ ಇಲ್ಲದವನಲ್ಲ ನಾನು, ನಾಳೆ ಬರುತ್ತೇನೆ ಅಂತ ಗಿರಾಕಿಗಳಿಗೆ ದಿನಾ ಹೇಳುತ್ತೇನೆ. ಆದರೆ ಇದು ಬೇರೆ.

ಒಂದು ದಿನ ಕೆಟ್ಟ ಪಾಕೀಟುಗಳನ್ನೆಲ್ಲ ಹೊರಗೆ ತೆಗೆಯುತ್ತಿದ್ದಾಗ ಫ್ರೀಜರಿನ ಎಡಗಡೆಯ ಮೂಲೆಯಲ್ಲಿ ಎರಡು ಪಾಕೀಟು ಸಿಕ್ಕವು. ಬೆಳ್ಳಗಿದ್ದವು. ಸುಣ್ಣ ಬಳಿದ ಗೋಡೆಯಷ್ಟು ಬೆಳ್ಳಗೆ. ನಾನು ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದೆ. ಆಮೇಲೆ ಗೊತ್ತಾಯಿತು ಅಂದುಕೊಂಡೆ. ನಾನು ಬೆಸುಗೆ ಹಾಕಿದ ಪೈಪು ಆ ಮೂಲೆಯಲ್ಲೇ ಹತ್ತಿರ ಹಾದು ಹೋಗಿದೆ, ಅಲ್ಲಿ ಥಂಡಿ ಹೆಚ್ಚು! ಹೆಂಡತಿಯನ್ನು ಕರೆದು, ಇನ್ನು ಮೇಲೆ ಎಲ್ಲವನ್ನೂ ಇದೇ ಮೂಲೆಯಲ್ಲಿ ಇಡಬೇಕು ಅಂತ ಅಪ್ಪಣೆ ಕೊಟ್ಟೆ.

ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದಳು. "ಮೂಲಿ ಅಲ್ಲರಿ. ಸಿಪ್ಪಿ."

ನನಗೆ ತಿಳಿಯಲಿಲ್ಲ. ಅವಳು ಬಿಡಿಸಿ ಹೇಳಿದಳು. ಅವ್ವ ಮುಳಗುಂದಕ್ಕೆ ಸಂಬಂಧಿಕರನ್ನು ಮಾತಾಡಿಸಲು ಎರಡು ದಿನ ಹೋಗಿದ್ದಾಗ ಐದು ಹಣ್ಣು ಒಮ್ಮೆಗೇ ಮೆತ್ತಗಾಗಿದ್ದವು. ಮನೆಯಲ್ಲಿ ಇವಳೊಬ್ಬಳೇ. ಒಲೆಯ ಮೇಲೆ ರೊಟ್ಟಿ, ಮಕ್ಕಳಿಗೆ ಶಾಲೆಯ ಹೊತ್ತು. ನಡುವಿನ ತಿರುಳನ್ನಷ್ಟೇ ಚಮಚದಿಂದ ಎತ್ತಿ, ಲಿಂಬೆ ಹಿಂಡಿ, ಪಾಕೀಟು ಮಾಡಿ, ಸಿಪ್ಪೆಯನ್ನು ಆಡಿಗೆ ಹಾಕಿದ್ದಳು. ಮರುದಿನ ಬಂದ ಅವ್ವ ಆಡಿನ ಮುಂದೆ ಬೆಳ್ಳಗಿನ ತಿರುಳು ಹತ್ತಿದ ಸಿಪ್ಪೆ ನೋಡಿ ಕೂಗಾಡಿದ್ದು ನನಗೂ ನೆನಪಿತ್ತು. ಎರಡು ದಿನ ಸೊಸೆಯ ಜೊತೆ ಮಾತು ಬಿಟ್ಟಿದ್ದಳು.

"ಸಿಪ್ಪಿಗೆ ಹತ್ತಿದ ಆ ಹರಳಿನಂಥಾದ್ದು ಐತಲ್ಲರಿ, ಅದ ಕಪ್ಪಾಗೋದು. ಅದ ಕಹಿ ಆಗೋದು. ನಾ ಅದನ್ನ ಮುಟ್ಟಿಲ್ಲ, ಇವು ಬೆಳ್ಳಗ ಉಳದಾವು."

"ಮತ್ತ ಮೊದಲ ಯಾಕ ಹೇಳಲಿಲ್ಲ?"

"ಯಾರಿಗೆ ಹೇಳ್ಲಿ? ನಿಮಗ ಹೇಳಿದ್ರ ಕಂಪ್ರೆಸರ್ ಅಂತೀರಿ. ಅತ್ತಿಯವರಿಗೆ ಹೇಳಿದ್ರ ಮನಿ ಬಿಟ್ಟ ನಡಿ ಅಂತಾರ."

ಇಷ್ಟು ಹೊತ್ತಿಗೆ ನನಗೆ ವಿಷಯ ತಲೆಗೆ ಹೋಗಿತ್ತು, ಆದರೆ ಅದರಿಂದ ಸಮಾಧಾನವೇನೂ ಆಗಲಿಲ್ಲ. ಹಣ್ಣು ಉಳಿಸುವ ದಾರಿ ಸಿಕ್ಕಿತ್ತು, ಆ ದಾರಿಯಲ್ಲಿ ಅವ್ವ ಕೂತಿದ್ದಳು. ಅರವತ್ತು ವರ್ಷ ಅವಳು ಮಾಡಿಕೊಂಡು ಬಂದ ಒಳ್ಳೆಯ ಕೆಲಸವೇ ಈ ಹಣ್ಣನ್ನು ಕೆಡಿಸುತ್ತಿದೆ ಅಂತ ಅವಳಿಗೆ ಹೇಳಬೇಕಿತ್ತು. ಹೆಂಡತಿ ತನ್ನಿಂದ ಆಗುವುದಿಲ್ಲ ಅಂದುಬಿಟ್ಟಳು. ಹೇಳಬೇಕಾದವನು ನಾನೇ.

ಮಧ್ಯಾಹ್ನ ಊಟವಾದ ಮೇಲೆ ಒಂದು ತಟ್ಟೆಯಲ್ಲಿ ಎರಡು ಪಾಕೀಟು ಇಟ್ಟುಕೊಂಡು ಅವ್ವನ ಮುಂದೆ ಕೂತೆ. ಒಂದು ಕಂದು, ಒಂದು ಬಿಳಿ. ನಾನು ದೊಡ್ಡ ದನಿಯ ಮನುಷ್ಯ, ಆದರೂ ಅವತ್ತು ನೇರವಾಗಿ ಹೇಳಲಿಲ್ಲ. ಗಾಳಿ, ಲಿಂಬೆ, ಮೈನಸ್ ಇಪ್ಪತ್ತೆರಡು ಅಂತ ಏನೇನೋ ಸುತ್ತಿ ಬಳಸಿ ಹೇಳಿದೆ. ಅವ್ವ ಬಿಳಿ ಪಾಕೀಟನ್ನು ಎತ್ತಿ ನೋಡಿದಳು, ಸೊಸೆಯ ಮುಖ ನೋಡಿದಳು. ನಾನು ಸಿಪ್ಪೆಯ ಮಾತು ಎತ್ತುವ ಮುಂಚೆಯೇ ಅವಳಿಗೆ ತಿಳಿದುಹೋಗಿತ್ತು.

"ಹಂಗಾರ ಇಷ್ಟ ವರ್ಷ ನಾ ನಿಮಗ ಕಹೀನ ತಿನಿಸೀನೇನು?" ಅಂದಳು.

ಉತ್ತರ ಕೊಟ್ಟವಳು ಹೆಂಡತಿ. "ಇಲ್ಲರಿ ಅತ್ತಿ. ತಾಜಾ ಇದ್ದಾಗ ಅದು ಸಕ್ಕರೀನ. ಇಟ್ಟರಷ್ಟ ಕಹಿ ಆಗೋದು. ನೀವು ಯಾವತ್ತೂ ಇಟ್ಟಾಕೀನ ಅಲ್ಲ, ಅವತ್ತಿಂದ ಅವತ್ತ ಎಲ್ಲಾರಿಗೂ ಕೊಟ್ಟ ಮುಗಿಸಿದಾಕಿ."

ನನ್ನ ಹೆಂಡತಿ ಹೆಚ್ಚು ಓದಿದವಳಲ್ಲ, ಬಹಳ ಮಾತಿನವಳೂ ಅಲ್ಲ. ಆ ಮಾತು ಅವಳಿಗೆ ಎಲ್ಲಿಂದ ಬಂತೋ ಗೊತ್ತಿಲ್ಲ. ನಾನು ಅವತ್ತು ಅವಳನ್ನು ಬೇರೆ ಕಣ್ಣಿನಿಂದ ನೋಡಿದೆ. ಅವ್ವ ಬಿಳಿ ಪಾಕೀಟನ್ನು ತಟ್ಟೆಗೆ ಇಟ್ಟು, ಗಿಡದಲ್ಲಿ ಎಷ್ಟು ಕಾಯಿ ಉಳಿದಿವೆ ಅಂತ ಕೇಳಿದಳು. ಇಪ್ಪತ್ತಾರು ಅಂದೆ.

ಆ ಇಪ್ಪತ್ತಾರು ಮೂರು ಕಂತಿನಲ್ಲಿ ಹಣ್ಣಾದವು. ಮೂರು ಸಲವೂ ಅವ್ವ ಮೊದಲು ಕೈ ತೊಳೆದು ಬಂದು ಕೂತಳು. ಹಣ್ಣು ಬಿಡಿಸಲು ಅಲ್ಲ. ಬಿಡಿಸುವುದನ್ನು ಸೊಸೆಗೆ ಬಿಟ್ಟುಕೊಟ್ಟಳು. ಸೊಸೆ ನಡುವಿನ ತಿರುಳು ಎತ್ತಿ ಕೊಟ್ಟ ಸಿಪ್ಪೆಯನ್ನು ಅವ್ವ ಅಲ್ಲೇ ತನ್ನ ಹಳೆಯ ಚಮಚದಿಂದ ಕೆರೆದು ಬಾಯಿಗೆ ಹಾಕಿಕೊಂಡಳು. ನನಗೂ ಮಕ್ಕಳಿಗೂ ಒಂದೊಂದು ಸಿಪ್ಪೆ ಕೊಟ್ಟಳು. ಬಿಸಿಲಿಗೆ ಹಿಡಿದು ಬೆಳಕು ಕಾಣುವ ತನಕ ಕೆರೆಸಿ ತಿನ್ನಿಸಿದಳು. ಹೀಗೆ ಪಾಕೀಟೂ ಬೆಳ್ಳಗೆ ಉಳಿಯಿತು, ಸಿಪ್ಪೆಯಲ್ಲಿ ಒಂದು ಹರಳೂ ಉಳಿಯಲಿಲ್ಲ. ಈ ಉಪಾಯ ಅವಳಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಅಷ್ಟು ಸಿಪ್ಪೆ ತಿಂದು ಅವಳಿಗೆ ನೆಗಡಿ ಹಿಡಿಯಿತು, ಸೀತಾಫಲ ಥಂಡಿ ಅಂತ ತಾನು ಮೊದಲೇ ಹೇಳಿರಲಿಲ್ಲವೇ ಅಂತ ನಮಗೇ ಬೈದಳು.

ಹೊಸದು ಹನ್ನೆರಡು, ಹೆಂಡತಿಯ ಹಳೆಯವು ಎರಡು, ಒಟ್ಟು ಹದಿನಾಲ್ಕು ಪಾಕೀಟು. ಬಿಡಿಸಿದ ಕೂಡಲೇ ಲಿಂಬೆರಸ, ಒಂದು ಚಿಟಿಕೆ ಸಕ್ಕರೆ, ಬಕೀಟಿನ ನೀರಿನಲ್ಲಿ ಗಾಳಿ ತೆಗೆಯುವುದು, ರೊಟ್ಟಿಯಷ್ಟು ತೆಳ್ಳಗೆ ತಟ್ಟಿ ಫ್ರೀಜರಿನ ತಳದ ತಗಡಿಗೆ ಹತ್ತಿಸಿ ಮಲಗಿಸುವುದು. ಗಟ್ಟಿಯಾದ ಮೇಲೆ ಒಂದರ ಮೇಲೊಂದು ಜೋಡಿಸಿದೆ. ಹತ್ತಿರ ಹತ್ತಿರ ಒಂದು ತಿಂಗಳು ಬಿಟ್ಟು ನೋಡಿದೆ, ಬಿಳಿ. ಇನ್ನೊಂದು ತಿಂಗಳು ಬಿಟ್ಟು ನೋಡಿದೆ, ಬಿಳಿ. ಆವಾಗ ತಂಗಿಗೆ ನಾನೇ ವಿಡಿಯೋ ಕಾಲ್ ಮಾಡಿ ಮುಚ್ಚಳ ತೆಗೆದು ತೋರಿಸಿದೆ. ಇಷ್ಟು ದಿನ ಯಾಕೆ ತೋರಿಸಲಿಲ್ಲ ಅಂತ ಅವಳು ಕೇಳಲಿಲ್ಲ. ಅಣ್ಣನ ಬುದ್ಧಿ ಅವಳಿಗೆ ಗೊತ್ತಿಲ್ಲದ್ದೇನಲ್ಲ.

ರಮಜಾನ್ ತಿಂಗಳು ಬಂದಾಗ ನನಗೆ ಹೊಸ ಚಿಂತೆ ಹತ್ತಿತು. ಇಡೀ ಓಣಿಯಲ್ಲಿ ದೊಡ್ಡ ಫ್ರೀಜರ್ ನಮ್ಮದೊಂದೇ. ರೋಜಾ ಉಪವಾಸ ಬಿಡುವ ಹೊತ್ತಿಗೆ ಶರಬತ್ತಿಗೆ ಬರ್ಫ, ಅಂದರೆ ಐಸು, ಬೇಕು ಅಂತ ಪಾತ್ರೆ ಹಿಡಿದು ಬರುವವರ ಸಾಲು. ಇಲ್ಲ ಅನ್ನಲು ಬರುವುದಿಲ್ಲ. ಹತ್ತು ಸಲ ಮುಚ್ಚಳ ತೆಗೆದರೆ ಪಾಕೀಟು ಕರಗಿ ಮತ್ತೆ ಗಟ್ಟಿಯಾಗಿ ಕೆಟ್ಟೇ ಹೋಗುತ್ತವೆ. ಅದಕ್ಕೂ ಅವ್ವನೇ ದಾರಿ ಮಾಡಿದಳು. ಮಧ್ಯಾಹ್ನವೇ ಬರ್ಫವನ್ನೆಲ್ಲ ಒಮ್ಮೆಗೇ ತೆಗೆಸಿ ಹೊಟ್ಟಿನಲ್ಲಿ ಮುಚ್ಚಿ ಹೊರಗೆ ಇಡಿಸಿದಳು, ಆಮೇಲೆ ಮುಚ್ಚಳದ ಮೇಲೆ ಜೋಳದ ಚೀಲ ಹೇರಿಸಿದಳು. ಯಾರಾದರೂ ಆ ಕಡೆ ಕೈ ಮಾಡಿದರೆ "ಅದರಾಗ ನನ್ನ ಮಗಳ ಬಯಕಿ ಐತಿ, ಹೊರಗಿಂದ ತಗೊಳ್ರಿ" ಅನ್ನುತ್ತಿದ್ದಳು.

ಹಬ್ಬ ಮುಗಿದ ಮೇಲೆ ಒಂದು ಒಳ್ಳೆಯ ದಿನ ನೋಡಿ ಕುಬಸ ಇಟ್ಟರು. ಬಾಡಿಗೆ ಗಾಡಿಯಲ್ಲಿ ಬುತ್ತಿ, ಸೀರೆ, ಬಳೆ, ಹೆಂಗಸರು, ಮಕ್ಕಳು. ನನ್ನ ಕಾಲ ಹತ್ತಿರ ಥರ್ಮಾಕೋಲ್ ಪೆಟ್ಟಿಗೆ. ಒಳಗೆ ಉಪ್ಪು ಬೆರೆಸಿದ ಬರ್ಫ, ನಡುವೆ ಹದಿನಾಲ್ಕು ಪಾಕೀಟು, ಪೆಟ್ಟಿಗೆಯ ಸುತ್ತ ಶೇಂಗಾ ಹೊಟ್ಟು ತುಂಬಿದ ಗೋಣಿಚೀಲ. ಶಿರಹಟ್ಟಿ ದಾಟಿದ ಮೇಲೆ ಬಿಸಿಲು ಏರಿತು. ಚಹಾಕ್ಕೆ ಗಾಡಿ ನಿಲ್ಲಿಸಿ ಅಂದವರಿಗೆಲ್ಲ ನಾನು ಕಣ್ಣು ಬಿಟ್ಟೆ. ಮುಂಡರಗಿ ಮುಟ್ಟಿ ಪೆಟ್ಟಿಗೆ ಬಿಚ್ಚಿದಾಗ ಪಾಕೀಟುಗಳು ಒಂದಕ್ಕೊಂದು ತಾಗಿ ಟಕ್ ಅಂದವು. ಕಲ್ಲಿನಷ್ಟು ಗಟ್ಟಿ. ನನಗೆ ಹಾರಾಡುವಷ್ಟು ಖುಷಿಯಾಯಿತು.

ತಂಗಿಗೆ ಹಸಿರು ಬಳೆ ಇಡಿಸಿ ಉಡಿ ತುಂಬಿದರು. ಮೈ ತುಂಬಿಕೊಂಡು, ಮುಖದಲ್ಲಿ ಕಳೆ ಬಂದು ಕೂತಿದ್ದಳು. ನಾನು ಅಡುಗೆ ಮನೆಯಲ್ಲಿ ಒಂದು ಪಾಕೀಟನ್ನು ತಣ್ಣೀರಿನಲ್ಲಿ ಇಟ್ಟು, ಗಡಿಯಾರ ನೋಡುತ್ತಾ ನಿಂತಿದ್ದೆ. ಕರಗಿದ ಮೇಲೆ ಜಲ್ದಿ ತಿನ್ನಬೇಕು. ಹೊರಗೆ ಹೆಚ್ಚು ಹೊತ್ತು ಬಿಟ್ಟರೆ ಬಣ್ಣ ತಿರುಗುತ್ತದೆ. ಮೆತ್ತಗಾದ ಕೂಡಲೇ ಗಾಜಿನ ಬಟ್ಟಲಿಗೆ ಹಾಕಿ, ತಂದು ತಂಗಿಯ ಮುಂದೆ ಇಟ್ಟೆ. ಸುತ್ತ ಕೂತ ಹೆಂಗಸರು ಕತ್ತು ಚಾಚಿ ನೋಡಿದರು. ಆ ಬಿಸಿಲಿನ ದಿನದಲ್ಲಿ ಬೆಳ್ಳಗಿನ ಸೀತಾಫಲ. ತಂಗಿ ಬಟ್ಟಲಿಗೆ ಕೈ ಹಾಕಿದಳು.

"ತಡಿ," ಅಂದರು ಅವಳ ಅತ್ತೆ. ಬಟ್ಟಲನ್ನು ತಮ್ಮ ಕಡೆ ಎಳೆದುಕೊಂಡರು. ಒರಟು ಹೆಂಗಸಲ್ಲ, ಸೊಸೆಗೆ ಏಳು ವರ್ಷದಲ್ಲಿ ಒಂದು ಮಾತೂ ಅಂದವರಲ್ಲ. ಬಟ್ಟಲನ್ನು ಮೂಸಿ ನೋಡಿದರು. "ನಾಕ ತಿಂಗಳದ ಹಣ್ಣ ಹಿಂಗ ಬೆಳ್ಳಗ ಇರತೈತೇನ್ರಿ? ಏನ ಹಾಕೀರಿ ಇದಕ್ಕ? ಪ್ಯಾಟ್ಯಾಗ ಎಲ್ಲಾದಕ್ಕೂ ಪುಡಿ ಹಾಕತಾರ. ಹೊಟ್ಟ್ಯಾಗಿನ ಕೂಸಿಗೆ ಏನರ ಆದ್ರ?"

ನನ್ನ ತಲೆಗೆ ಸಿಟ್ಟು ಏರಿತು. ಕಪ್ಪಾಗಿದ್ದರೆ ಕೆಟ್ಟಿದೆ ಅನ್ನುತ್ತಿದ್ದರು, ಬೆಳ್ಳಗಿದೆ ಅಂತ ಈಗ ಸಂಶಯ. ಆದರೆ ಅವರ ಹೆದರಿಕೆ ಸುಳ್ಳಲ್ಲ ಅಂತಲೂ ಒಳಗೆ ಗೊತ್ತಿತ್ತು. ಏಳು ವರ್ಷದ ಮೇಲೆ ಬಂದ ಕೂಸು. ನಾನು ಫ್ರೀಜರಿನ ಡಿಗ್ರಿ, ಗಾಳಿ, ಪಾಕೀಟು ಅಂತ ಶುರು ಮಾಡಿದೆ. ಮಾತಾಡಿದಷ್ಟೂ ಅದು ಪುಡಿ ಹಾಕಿದವನ ಸಮಜಾಯಿಷಿಯಂತೆ ನನಗೇ ಕೇಳಿಸಿತು. ತಂಗಿಯ ಕೈ ಹಾಗೆಯೇ ಮಡಿಲಿಗೆ ಇಳಿಯಿತು. ಅವಳು ನನ್ನ ಕಡೆ ನೋಡಲಿಲ್ಲ, ಬಟ್ಟಲನ್ನೇ ನೋಡುತ್ತಿದ್ದಳು.

ಆಗ ಅವ್ವ ಬಾಯಿ ಬಿಟ್ಟಳು. "ಲಿಂಬಿಹಣ್ಣಿನ ರಸ ಹಾಕೇವ್ರಿ. ಒಂದ ಚಿಟಿಕಿ ಸಕ್ಕರಿ. ಮತ್ತೇನೂ ಹಾಕಿಲ್ಲ. ಅದು ಹಾಕಿದ್ದಕ್ಕ ಬೆಳ್ಳಗ ಉಳದಿಲ್ಲರಿ ಬೀಗರ, ಬಿಟ್ಟಿದ್ದಕ್ಕ ಉಳದೈತಿ. ಸಿಪ್ಪಿಗೆ ಹತ್ತಿದ್ದನ್ನ ಸಿಪ್ಪ್ಯಾಗ ಬಿಟ್ಟೇವಿ. ನಾ ಹುಟ್ಟಿದಾಗಿಂದ ಸಿಪ್ಪಿ ಕೆರದಾಕಿ. ಈ ಸಲ ಮಗಳ ಸಲುವಾಗಿ ಬಿಟ್ಟೀನಿ."

ಬೀಗತಿ ಅವ್ವನ ಮುಖವನ್ನು ನೋಡಿದರು. ಅವರೂ ಅವ್ವನ ವಯಸ್ಸಿನವರು, ಅವರ ಮನೆಯಲ್ಲೂ ಸಿಪ್ಪೆಯಲ್ಲಿ ಏನೂ ಬಿಡುವುದಿಲ್ಲ. ನನ್ನ ಡಿಗ್ರಿ ಲೆಕ್ಕ ತಿಳಿಯದ ಹೆಂಗಸಿಗೆ ಈ ಮಾತು ಪೂರ್ತಿ ತಿಳಿಯಿತು. ಚಮಚ ತೆಗೆದುಕೊಂಡು ಮೊದಲು ತಾವೇ ಒಂದು ತುತ್ತು ಬಾಯಿಗೆ ಹಾಕಿಕೊಂಡರು. ಕಣ್ಣು ಮುಚ್ಚಿ, ನಾಲಿಗೆ ಆಡಿಸಿ, ಕಹಿ ಬರುತ್ತದೇನೋ ಅಂತ ಕಾದರು. ಬರಲಿಲ್ಲ. ಆಮೇಲೆ ಎರಡನೆಯ ತುತ್ತನ್ನು ತಮ್ಮ ಕೈಯಾರೆ ಸೊಸೆಯ ಬಾಯಿಗೆ ಇಟ್ಟರು.

ತಂಗಿ ಅದನ್ನು ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡಳು. ನುಂಗಿದ ಮೇಲೆ ಅತ್ತೆಯ ಕೈಯಿಂದ ಬಟ್ಟಲು ಕಸಿದುಕೊಂಡು, ಯಾರ ಕಡೆಗೂ ನೋಡದೆ, ತಲೆ ಬಗ್ಗಿಸಿ ತಿನ್ನತೊಡಗಿದಳು. ಬಟ್ಟಲಿನ ತಳವನ್ನು ಬೆರಳಿನಿಂದ ಒರೆಸಿ ನೆಕ್ಕಿದಳು. ಖಾಲಿ ಬಟ್ಟಲನ್ನು ನನ್ನ ಕಡೆ ಚಾಚಿ, "ಇನ್ನ ಎಷ್ಟ ಅದಾವು?" ಅಂದಳು.

"ಹದಿಮೂರು," ಅಂದೆ.

"ಒಂದೂ ಯಾರಿಗೂ ಕೊಡಬ್ಯಾಡ."

ಎಲ್ಲರೂ ನಕ್ಕರು, ಬೀಗತಿ ಎಲ್ಲರಿಗಿಂತ ಹೆಚ್ಚು ನಕ್ಕರು. ನಾನು ಬಟ್ಟಲು ಹಿಡಿದು ಅಡುಗೆ ಮನೆಗೆ ಬಂದೆ. ಪೆಟ್ಟಿಗೆಯ ಮುಂದೆ ಕೂತು, ಬರ್ಫದೊಳಗೆ ಕೈ ಇಟ್ಟುಕೊಂಡು, ಯಾರಿಗೂ ಕಾಣದ ಹಾಗೆ ಸ್ವಲ್ಪ ಹೊತ್ತು ಅತ್ತೆ. ಆಮೇಲೆ ಎರಡನೆಯ ಪಾಕೀಟು ತೆಗೆದು ತಣ್ಣೀರಿಗೆ ಹಾಕಿದೆ.